ಹತ್ತು ನಿಮಿಷದ ದನಿ

ಗಂಟಲಿನ ಆಪರೇಷನ್ ಆದಮೇಲೆ ಅಪ್ಪನ ದನಿ ಹೋಯಿತೇ ಹೊರತು ಕಾಲೆಳೆಯುವ ಚಟ ಹೋಗಲಿಲ್ಲ. ಲಾಡ್ಜಿನ ಮ್ಯಾನೇಜರಾಗಿದ್ದಾಗ ಬಂದವರನ್ನೆಲ್ಲ ನಗಿಸಿ ಕಳಿಸುತ್ತಿದ್ದ ಮನುಷ್ಯ, ಈಗ ಸ್ಲೇಟಿನ ಮೇಲೆ ಬರೆದು ಮನೆಯವರನ್ನು ಗೋಳುಹುಯ್ದುಕೊಳ್ಳುತ್ತಿದ್ದರು.

ಮಗಳೂ ಅಳಿಯನೂ ಸೇರಿ ಅವರಿಗೊಂದು ಮಾತಿನ ಪೆಟ್ಟಿಗೆ ಮಾಡಿದರು. ಟೈಪ್ ಮಾಡಿದ್ದನ್ನು ಅದು ಅಪ್ಪನ ಹಳೆಯ ದನಿಯಲ್ಲೇ ಹೇಳಬೇಕು. ಸ್ವಿಚ್ ಹಾಕಿದೊಡನೆ ಪೆಟ್ಟಿಗೆಯನ್ನು ಎಬ್ಬಿಸುವ ಫರ್ಮ್‌ವೇರ್ ಮಗಳ ಕೆಲಸ. ಅದು ಹಳೆಯ ರೆಕಾರ್ಡಿಂಗ್‌ಗಳಿಂದ ತೆಗೆದ ಅಪ್ಪನ ದನಿಯ ಅಳತೆಗಳನ್ನು ಮೆಮೊರಿಯಲ್ಲಿಟ್ಟು, ಮುಂದಿನ ಸಂಸಾರವನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತಿತ್ತು. ಆ ಸಿಸ್ಟಮ್ ಅಳಿಯನ ಪಾಲು.

ಆದರೆ ಪೆಟ್ಟಿಗೆ ಹತ್ತು ನಿಮಿಷ ಅಪ್ಪನ ದನಿಯಲ್ಲಿ "ನಮಸ್ಕಾರ, ಒಂದು, ಎರಡು" ಎಂದು ಪರೀಕ್ಷೆಯ ಮಾತಾಡಿ, ಆಮೇಲೆ ನೆಗಡಿ ಹಿಡಿದ ಕೋಳಿಯಂತೆ ಕಿರುಚುತ್ತಿತ್ತು. ಒಮ್ಮೆ ನೆರೆಮನೆಯವರೆದುರೇ ಹೀಗಾಯಿತು. ಅವರು ನಕ್ಕರು, ಅಪ್ಪ ನಗಲಿಲ್ಲ. "ಇನ್ನೊಮ್ಮೆ ಹೀಗಾದರೆ ಇದು ಅಟ್ಟಕ್ಕೆ. ನನಗೆ ಸ್ಲೇಟೇ ಸಾಕು" ಎಂದು ಬರೆದರು. ಅಪ್ಪ ಹಟಕ್ಕೆ ಬಿದ್ದರೆ ಬ್ರಹ್ಮ ಬಂದರೂ ಬಗ್ಗುವವರಲ್ಲ. ಆ ದನಿ ಇನ್ನು ಈ ಮನೆಯಲ್ಲಿ ಕೇಳಿಸದೇ ಹೋಗುತ್ತದೆಂದು ಮಗಳಿಗೆ ಭಯವಾಯಿತು.

ಭಾನುವಾರ ಬೆಳಿಗ್ಗೆ, ಅಮ್ಮ ತರಕಾರಿಗೆ ಹೋದಾಗ, ಗಂಡ ಹೆಂಡತಿ ಊಟದ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡು ಕೂತರು.

"ನಾನು ಅಳತೆ ಸರಿಯಾಗೇ ಇಟ್ಟಿದೀನಿ. ನಿಮ್ಮ ಸಿಸ್ಟಮ್ಮೇ ಅದನ್ನ ಅಳಿಸ್ತಿರೋದು" ಎಂದಳು ಮಗಳು.

"ಅಳಿಸ್ತಿರಬಹುದು. ಅಲ್ಲಿ ಕೈ ಹಾಕಬಾರದು ಅಂತ ಅದಕ್ಕೆ ಹೇಳಿದೋರು ಯಾರು?" ಎಂದ ಗಂಡ.

ಅವಳು ತನ್ನ ಕೋಡ್ ತೆರೆದು ನೋಡಿದಳು. ಮೆಮೊರಿಯ ಪ್ರತಿ ಜಾಗಕ್ಕೂ ಫರ್ಮ್‌ವೇರ್ ಒಂದು ಗುರುತು ಹಾಕಿ ಹೋಗುತ್ತದೆ. ಪೆಟ್ಟಿಗೆ ಎದ್ದೇಳುವವರೆಗೆ ಮಾತ್ರ ಎಂದು ಗುರುತಿದ್ದ ಜಾಗವನ್ನು ಸಿಸ್ಟಮ್ ಆಮೇಲೆ ಬೇಕಾದಂತೆ ಬಳಸಿಕೊಳ್ಳಬಹುದು. ಕಾಯ್ದಿರಿಸಿದ್ದು ಎಂದಿದ್ದರೆ ಅಲ್ಲಿರುವುದನ್ನು ಓದಬಹುದು, ಅದರ ಮೇಲೆ ಇನ್ನೇನನ್ನೂ ಬರೆಯುವಂತಿಲ್ಲ. ಅಪ್ಪನ ದನಿಯನ್ನು ಅವಳು ಮೊದಲನೆಯ ಗುರುತಿನಲ್ಲಿಟ್ಟಿದ್ದಳು. ಸಿಸ್ಟಮ್‌ಗೆ ಆ ಜಾಗ ಬೇಕಾಗುವವರೆಗೆ ದನಿ ಉಳಿಯುತ್ತಿತ್ತು, ಅಷ್ಟೇ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪು ನಂದೇ ರೀ."

"ಹಾಗಾದ್ರೆ ಇವತ್ತಿನ ಪಾತ್ರೆನೂ ನಿಂದೇ" ಎಂದ ಅವನು, ಸಿಕ್ಕಿದ್ದೇ ಸಮಯವೆಂದು.

ಅವಳು ಗುರುತನ್ನು ಕಾಯ್ದಿರಿಸಿದ್ದು ಎಂದು ಬದಲಿಸಿ, ಪಕ್ಕದಲ್ಲೇ ಕೂತಿದ್ದ ಅಪ್ಪನಿಗೂ ಅದನ್ನು ವಿವರಿಸಿದಳು. ಈಗಲಾದರೂ ದನಿ ಉಳಿಯುತ್ತದೋ ನೋಡಲು ಅವನು ಬೇಕೆಂದೇ ಸಿಸ್ಟಮ್ ಮೇಲೆ ಕೆಲಸದ ಹೊರೆ ಹೇರಿದ. ಅಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅನುಮಾನದಿಂದಲೇ ಟೈಪ್ ಮಾಡತೊಡಗಿದರು.

"ಅಳಿಯಂದಿರ ತಲೆಗೂದಲನ್ನೂ ಮೊದಲೇ ಕಾಯ್ದಿರಿಸಬೇಕಿತ್ತು" ಎಂದಿತು ಪೆಟ್ಟಿಗೆ, ಸಾಕ್ಷಾತ್ ಅಪ್ಪನ ದನಿಯಲ್ಲಿ.

ಹತ್ತು ನಿಮಿಷ ಕಳೆಯಿತು. ಅರ್ಧ ಗಂಟೆಯಾಯಿತು. ದನಿ ಕದಲಲಿಲ್ಲ. ಮಗಳಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಹಿತ್ತಲ ಬಾಗಿಲಿನ ಸದ್ದಾಯಿತು. ಅಮ್ಮ ಅಡುಗೆಮನೆಗೆ ಬಂದಿದ್ದರು. ಅಪ್ಪ ದನಿಯನ್ನು ಪೂರ್ತಿ ಏರಿಸಿ, ನಿಧಾನವಾಗಿ ಒಂದೆರಡು ಮಾತು ಟೈಪ್ ಮಾಡಿದರು.

"ಲೇ ಇವಳೇ, ಎಲ್ಲಿದೀಯ?"

"ಬಂದೇ ರೀ, ಮನೆ ಹಾರಿಹೋಗೋ ಹಾಗೆ ಕೂಗಬೇಡಿ, ಕೈಯಲ್ಲಿ ಚೀಲ ಇದೆ" ಎಂದರು ಅಮ್ಮ ಒಳಗಿಂದಲೇ.

ಸ್ವಲ್ಪ ಹೊತ್ತಿಗೆ ಚೀಲವನ್ನು ಎದೆಗವಚಿಕೊಂಡೇ ಬಾಗಿಲಿಗೆ ಬಂದು ನಿಂತರು.

"ಇನ್ನೊಂದ್ಸಲ ಕೂಗಿ" ಎಂದರು.