ಶಹಾಪುರ ಕೋಗಿಲೆ

ಖಾಜಾಹುಸೇನ ಕಾಕಾ ಹಾಡಿದರೆ ನನ್ನ ಹೊಲಿಗೆ ಮಷೀನಿನ ಹಲಗೆ ಗುಂಯ್‌ಗುಡುತ್ತಿತ್ತು. ನಮ್ಮ ಮನೆಗೂ ಅವನ ಗಾದಿ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಮಷೀನು ಆ ಗೋಡೆಗೆ ಆತುಕೊಂಡಿದೆ. ಅವನು ಆ ಕಡೆ ಹತ್ತಿ ತುಂಬುತ್ತ, ದಬ್ಬಣ ಎಳೆಯುತ್ತ ಪದ ಹಿಡಿದರೆ ಈ ಕಡೆ ನನ್ನ ಗುಂಡುಸೂಜಿಯ ಡಬ್ಬಿ ಸಣ್ಣಗೆ ನಡುಗುತ್ತಿತ್ತು. ಸಾಲಿನ ಕೊನೆಗೆ ದನಿ ಇನ್ನೂ ಕೆಳಗೆ ಇಳಿಯುವಾಗ ನಾನು ಪೆಡಲು ನಿಲ್ಲಿಸಿ ಅಂಗೈಯನ್ನು ಹಲಗೆಯ ಮೇಲೆ ಇಡುತ್ತಿದ್ದೆ.

ಅಂಥ ದನಿ ಈ ಕಡೆ ಯಾರಿಗೂ ಬೇಕಿರಲಿಲ್ಲ. ಮೊಹರಂ ದಿನಗಳಲ್ಲಿ ಕರ್ಬಲಾ ಕಾಳಗದ ರಿವಾಯತ್ ಪದ ಹಾಡುವ ಮೇಳಕ್ಕೆ ಎತ್ತರದ ಗಂಟಲು ಬೇಕು. ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ತಮಟೆ ಬಡಿಯುತ್ತಿರುವಾಗ ಆ ಸಪ್ಪಳವನ್ನು ಸೀಳಿಕೊಂಡು ಹೋಗಬೇಕು. ದೋರನಹಳ್ಳಿಯ ಬಸವನ ಗಂಟಲು ಅಂಥದ್ದು. ಅವನು ಮುಂದೆ ನಿಂತು ಸಾಲು ಎತ್ತುತ್ತಿದ್ದ. ಕಾಕಾ ಎಲ್ಲರ ಹಿಂದೆ ನಿಂತು ಕೊನೆಯ ಅಕ್ಷರ ಹಿಡಿದು ಎಳೆಯುತ್ತಿದ್ದ. ಹುಡುಗನಾಗಿದ್ದಾಗಿನಿಂದ ಅವನ ಪಾಲಿಗೆ ಬಂದದ್ದು ಆ ಕೊನೆಯ ಅಕ್ಷರ ಮಾತ್ರ.

‘ನನಗ ಶಾಲು ಬ್ಯಾಡ, ಹಾರ ಬ್ಯಾಡ’ ಎಂದು ಅವನು ಚಹಾದಂಗಡಿ ನಾಗಣ್ಣನ ಮುಂದೆ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ‘ಒಮ್ಮಿ, ನನ್ನ ದನ್ಯಾಗ, ಒಂದ ಪದ ಮುಂದ ನಿಂತು ಹಾಡಬೇಕು ನೋಡು. ಜನ ಸುಮ್ಮನ ಕೂತು ಕೇಳಬೇಕು. ಅಷ್ಟ.’

‘ನಿನ್ನ ದನಿ ಕೇಳಿದ್ರ ಜನ ಕೂಡಂಗಿಲ್ಲ, ಮಲಗೇ ಬಿಡ್ತಾರ’ ಎನ್ನುತ್ತಿದ್ದ ನಾಗಣ್ಣ. ‘ಹೆಂಗೂ ಗಾದಿ ಹೊಲೀತಿ. ಹಾಸಿ ಕೊಟ್ಟು ಶುರು ಮಾಡು.’

ಕಾಕಾನೂ ನಗುತ್ತಿದ್ದ. ಹೆಂಡತಿ ಆಮೀನಾ ಕಾಕಿ ಮಾತ್ರ ನಗುತ್ತಿರಲಿಲ್ಲ. ‘ಲಗ್ನ ಆದಾಗಿಂದ ಎಮ್ಮಿ ಕಟ್ಟಿದ ಮನ್ಯಾಗ ಇದ್ದೀನಿ ತಗೋ’ ಎಂದು ಗೊಣಗುತ್ತಿದ್ದಳು. ಆದರೆ ಹಾಡು ನಡೆದಾಗ ಹತ್ತಿ ಹಿಂಜುವ ಯಂತ್ರವನ್ನು ಅವಳು ಎಂದೂ ಚಾಲೂ ಮಾಡಿದ್ದಿಲ್ಲ.

ಆ ದನಿಗೆ ಬಿದ್ದವರು ನಾವು ಕೆಲವರೇ. ಹೀಗೆ ಕೆಣಕುತ್ತಲೇ ದಿನಾ ಹೊಸ ಪದ ಕೇಳುತ್ತಿದ್ದ ನಾಗಣ್ಣ. ಸಂತೆಗೆ ಉಳ್ಳಾಗಡ್ಡಿ ಒಯ್ಯುವ ನಮ್ಮ ಮೋನಮ್ಮ ಚಿಗವ್ವ. ಸೌಂಡ್ ಬಾಕ್ಸ್ ಬಾಡಿಗೆಗೆ ಕೊಡುವ ಮಲ್ಲು. ಮತ್ತೆ ಗೋಡೆಯ ಈಚೆ ನಾನು. ಸಂಜೆ ಅವರೆಲ್ಲ ಅಂಗಡಿಯ ಹತ್ತಿ ರಾಶಿಯ ಮೇಲೆ ಕೂರುತ್ತಿದ್ದರು. ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ.

‘ಈ ದನಿ ಅಂದ್ರ ತಿಂಥಣ್ಯಾಗ ಹೊಳಿ ತುಂಬಿ ನಿಂತಂಗ’ ಎನ್ನುತ್ತಿದ್ದಳು ಚಿಗವ್ವ. ‘ಸಪ್ಪಳ ಇರಂಗಿಲ್ಲ. ಆದ್ರ ಕಾಲ ಇಡಾಕ ಅಂಜಿಕಿ ಬರ್ತದ.’

ನಮ್ಮೆಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವನು ಮಲ್ಲು. ಕಾಕಾನ ಅಪ್ಪ ಕಟ್ಟಿದ ಒಂದು ಪದವಿತ್ತು. ಕಾಳಗದಲ್ಲಿ ಮಗನನ್ನು ಕಳೆದುಕೊಂಡ ತಂದೆ ದಂಡೆಯಲ್ಲಿ ನಿಂತು ಕೂಗುವ ಪದ. ‘ಹೊಳಿ ದಾಟಬ್ಯಾಡೋ ಮಗನ, ಹೊತ್ತು ಮುಳುಗ್ಯಾದೋ’ ಎಂದು ಶುರುವಾಗುತ್ತದೆ. ‘ಮುಳುಗ್ಯಾದೋ’ ಎನ್ನುವಲ್ಲಿ ಕಾಕಾನ ದನಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಖರ್ಜಕ್ಕೆ ಹೋಗಿ ನಿಲ್ಲುತ್ತಿತ್ತು. ಅಷ್ಟು ತಳಕ್ಕೆ ಹೋಗಿಯೂ ಮಾತು ಮಾತು ಸ್ಪಷ್ಟ ಕೇಳುತ್ತಿತ್ತು. ಮಲ್ಲು ಒಂದು ಮಧ್ಯಾಹ್ನ ಒಳ್ಳೆಯ ಮೈಕು ತಂದು, ಬಾಗಿಲಿಗೆ ಗಾದಿ ಅಡ್ಡ ಇಟ್ಟು, ಅದನ್ನು ಪೂರಾ ರೆಕಾರ್ಡು ಮಾಡಿಕೊಂಡು ಹೋದ. ಹೋಗುವಾಗ ಅವನ ಕಣ್ಣು ಒದ್ದೆಯಾಗಿತ್ತು. ನಾನು ನೋಡಿದ್ದೇನೆ.

ಆಮೇಲೆ ಮದುವೆಯ ದಿನಗಳು ಬಂದವು. ಒಂದು ಸಂಜೆ ನಮ್ಮ ಓಣಿಯಲ್ಲಿ ಮೆರವಣಿಗೆ ಬಂತು. ಟ್ರ್ಯಾಕ್ಟರಿನ ಮೇಲೆ ಡಿಜೆ, ಮುಂದೆ ಕುಣಿಯುವವರು. ಹಾಡು ಸಣ್ಣ ದನಿಯದು, ಜೋರು ಬಡಿತದ್ದು. ಕಾಕಾ ದಬ್ಬಣ ಬಾಯಲ್ಲಿ ಹಿಡಿದೇ ಹೊರಗೆ ಬಂದ.

‘ಯಾರದ್ದೋ ಇದು?’ ಎಂದು ದಬ್ಬಣ ತೆಗೆದು ಕೇಳಿದ. ‘ದನಿ ಯಾವುದೋ ಹುಡುಗಂದು. ಪದ ಮಾತ್ರ ನಮ್ಮಪ್ಪಂದು!’

ಟ್ರ್ಯಾಕ್ಟರಿನಿಂದ ಇಳಿದ ಮಲ್ಲು ಹತ್ತಿರ ಬಂದು ಹಲ್ಲು ಕಿರಿದ. ‘ನೀನ ಕಾಕಾ ಅದು. ಕಂಪ್ಯೂಟರಿನ್ಯಾಗ ನಿನ್ನ ದನಿ ಪಟ್ಟಿ ಏರಿಸಿ, ಸ್ವಲ್ಪ ಓಡಿಸಿ, ಕೆಳಗ ಬೀಟ್ ಕೂಡಿಸೀನಿ. ಯಾದಗಿರಿ, ಸುರಪುರ ಎಲ್ಲಾ ಕಡಿ ಇದ ನಡದಾದ. ಶಹಾಪುರ ಕೋಗಿಲೆ ಅಂತ ಹೆಸರಿಟ್ಟಾರ ನಿನಗ.’

ಆಮೀನಾ ಕಾಕಿ ಬಾಯಿಗೆ ಸೆರಗು ಒತ್ತಿಕೊಂಡಳು. ‘ಎಮ್ಮಿ ಹೋಗಿ ಕೋಗಿಲೆ ಆತೇನು!’

ಕಾಕಾ ಕುಣಿಯುವವರನ್ನೇ ನೋಡುತ್ತಿದ್ದ. ‘ಮುಳುಗ್ಯಾದೋ’ ಎನ್ನುವಲ್ಲಿ ಹುಡುಗರು ಸಿಳ್ಳೆ ಹೊಡೆದು ಜಿಗಿಯುತ್ತಿದ್ದರು.

‘ಅಲ್ಲೋ ಮಲ್ಲೂ, ಮಗನ್ನ ಕಳಕೊಂಡವನ ಪದ ಇದು. ಇದಕ್ಕ ಕುಣೀತಾರಲ್ಲೋ.’

‘ಕುಣೀಲಿ ಬಿಡು ಕಾಕಾ. ಜನ ನಿನ್ನ ಕಡಿ ತಿರುಗಬೇಕಂದ್ರ ಮೊದಲ ಹಿಂಗ ಕರೀಬೇಕಾಗ್ತದ. ಒಮ್ಮಿ ಸ್ಟೇಜಿಗೆ ಕರೆಸಲಿ. ಅಲ್ಲಿ ನಿನ್ನ ಖರ್ಜ ಬಿಡು. ಮೈಕ್ ನನ್ನ ಕೈಯಾಗ ಇರ್ತದ, ಯಾರು ತಡೀತಾರ?’

ಕಾಕಾ ದಬ್ಬಣವನ್ನು ಅಂಗಿಯ ಅಂಚಿಗೆ ಚುಚ್ಚಿಕೊಂಡ. ಆಮೇಲೆ, ‘ಮುಂದ ನಿಲ್ಲಿಸ್ತಾರ?’ ಎಂದು ಕೇಳಿದ.

‘ಮುಂದೇ ನಿಲ್ಲಿಸ್ತಾರ.’

ಅಂದಿನಿಂದ ಅವನು ಸಂಜೆ ಚಹಾ ಬಿಟ್ಟು ಬಿಸಿನೀರು ಕುಡಿಯತೊಡಗಿದ. ನನ್ನ ಮಷೀನಿನ ಹಲಗೆ ದಿನಾ ಗುಂಯ್‌ಗುಡುತ್ತಿತ್ತು. ಅದೇ ಪದ, ಅದೇ ಇಳಿತ.

ಕರೆ ಬಂದದ್ದು ಯಾದಗಿರಿಯಿಂದ. ಅಲ್ಲಿ ‘ಶಹಾಪುರ ಕೋಗಿಲೆ ಅಭಿಮಾನಿ ಬಳಗ’ ಎಂದು ಒಂದು ಹುಟ್ಟಿಕೊಂಡಿತ್ತು. ಅದರ ಅಧ್ಯಕ್ಷ ಚೇತನಕುಮಾರ ಎಂಬ ಬೈಕ್ ಮಾರುವವನು. ನಾವೆಲ್ಲ ಮಲ್ಲುನ ಟೆಂಪೋದಲ್ಲಿ ಸೌಂಡ್ ಬಾಕ್ಸುಗಳ ನಡುವೆ ಕೂತು ಹೋದೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಮುದುಡದಂತೆ ಭೀಮಾ ಹೊಳೆ ದಾಟುವವರೆಗೂ ನಿಂತೇ ಬಂದ.

‘ಕೂಡು ಮಾರಾಯ, ನೀ ಬಿದ್ರ ಕೋಗಿಲೆ ಸತ್ತಿತು ಅಂತಾರ’ ಎಂದ ನಾಗಣ್ಣ.

ಕಲ್ಯಾಣ ಮಂಟಪದ ಬಾಗಿಲಲ್ಲಿ ದೊಡ್ಡ ಫ್ಲೆಕ್ಸು ಇತ್ತು. ಮುಖ ಯಾರಿಗೂ ಗೊತ್ತಿರಲಿಲ್ಲವಲ್ಲ, ಕನ್ನಡಕ ಹಾಕಿಕೊಂಡ ಕೋಗಿಲೆಯ ಚಿತ್ರ ಬರೆಸಿದ್ದರು. ಚೇತನಕುಮಾರ ಹಾರ ಹಿಡಿದುಕೊಂಡು ಟೆಂಪೋದ ಹತ್ತಿರ ಓಡಿ ಬಂದ. ಕಾಕಾನನ್ನು ದಾಟಿ ಒಳಗೆ ಇಣುಕಿದ.

‘ಕೋಗಿಲೆ ಎಲ್ಲಿ ಅದಾರ್ರೀ?’

‘ನಾನ್ರಿ’ ಎಂದ ಕಾಕಾ.

ಆ ಒಂದು ಮಾತಿನ ದನಿಗೇ ಚೇತನಕುಮಾರನ ಮುಖ ಇಳಿಯಿತು. ‘ಗಂಟಲ ಕೂತಾದೇನ್ರಿ? ಥಂಡಿ ಆಗ್ಯಾದೇನು? ಏ, ಲಗೂನ ಶುಂಠಿ ತರ್ರೋ!’

ಶುಂಠಿ ಬಂತು, ಮೆಣಸಿನ ಕಷಾಯ ಬಂತು, ಯಾರೋ ಕೆಮ್ಮಿನ ಗುಳಿಗೆ ತಂದುಕೊಟ್ಟರು. ಕಾಕಾ ಒಂದೊಂದಾಗಿ ಎಲ್ಲವನ್ನೂ ತೆಗೆದುಕೊಂಡ. ‘ನನ್ನ ದನೀನ ಹಿಂಗ ಅದರಿ’ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಟಪ ತುಂಬಿತ್ತು. ಹೆಂಗಸರ ಕಡೆ ನಾನು, ಚಿಗವ್ವ, ಆಮೀನಾ ಕಾಕಿ ಕೂತೆವು. ಮಲ್ಲು ಪಕ್ಕದಲ್ಲಿ ಮೇಜು ಹಾಕಿಕೊಂಡು ಮೈಕಿನ ಗುಂಡಿಗಳ ಮುಂದೆ ನಿಂತಿದ್ದ. ಗಣ್ಯರ ಶಾಲು, ಹಾರ ಮುಗಿದ ಮೇಲೆ, ಯಾರೂ ಹೆಸರು ಹೇಳುವ ಮೊದಲೇ ಕಾಕಾ ಮುಂದೆ ಬಂದ. ಹಿಂದೆ ಯಾರೂ ಇರಲಿಲ್ಲ. ಕಣ್ಣು ಮುಚ್ಚಿ, ಬಲಗೈ ಎದೆಯ ಮೇಲಿಟ್ಟು, ಮೇಳವಿಲ್ಲದೆ, ಬಡಿತವಿಲ್ಲದೆ ಶುರು ಮಾಡಿದ.

ಅಂಥ ಹಾಡನ್ನು ನಾನು ಗೋಡೆಯಾಚೆಯಿಂದಲೂ ಕೇಳಿರಲಿಲ್ಲ. ಅವತ್ತು ಮಲ್ಲು ಮೈಕನ್ನು ಪ್ರೀತಿಯಿಂದ ಹಿಡಿದಿದ್ದ. ‘ಹೊಳಿ ದಾಟಬ್ಯಾಡೋ’ ಎಂಬುದು ನಾನು ಕೂತ ಕುರ್ಚಿಯ ಕಾಲಿನೊಳಗೆ ಬಂತು. ಆಮೀನಾ ಕಾಕಿ ಸೆರಗನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಜನ ಸುಮ್ಮನಾದರು. ಅವರು ಕೇಳುತ್ತಿದ್ದಾರೆ ಎಂದುಕೊಂಡೆ.

ಅವರು ಕಾಯುತ್ತಿದ್ದರು, ಅಷ್ಟೇ. ಈ ಮುದುಕ ಮುಗಿಸಿದ ಮೇಲೆ ಕೋಗಿಲೆ ಬರುತ್ತದೆ ಎಂದುಕೊಂಡಿದ್ದರು. ಹಿಂದಿನಿಂದ ಒಬ್ಬ ಕೂಗಿದ. ‘ಏ ಯಜಮಾನಾ, ಸಾಕು. ಕೋಗಿಲೆನ್ನ ಕರಿ!’ ನಗು ಎದ್ದಿತು. ‘ಬ್ಯಾಟರಿ ಇಳದಾದೋ, ಚಾರ್ಜಿಗೆ ಹಚ್ಚರೋ!’ ಎಂದ ಇನ್ನೊಬ್ಬ.

ನನ್ನ ಪಕ್ಕದಲ್ಲಿ ಹಸಿರು ಬಳೆಯ ಹೆಂಗಸೊಬ್ಬಳು ಕೂತಿದ್ದಳು. ‘ಇವರು ಕೋಗಿಲೆಯ ಅಪ್ಪ ಏನವ್ವಾ?’ ಎಂದು ಕೇಳಿದಳು.

‘ಇವರೇ ಕೋಗಿಲೆ ರೀ’ ಎಂದೆ. ನನ್ನ ಮಾತು ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ. ‘ಅಕ್ಕಾ, ಇವರ ಹಾಡಿದ್ದು. ಇದ ಖರೇ ದನಿ.’

ಅವಳು ಕನಿಕರದಿಂದ ನನ್ನನ್ನು ನೋಡಿದಳು. ತನ್ನ ಮೊಬೈಲು ತೆಗೆದು ನನ್ನ ಕಿವಿಗೆ ಹಿಡಿದಳು. ‘ನೀ ಕೇಳಿಲ್ಲ ಕಾಣ್ತದ ತಂಗಿ. ಇದು ನೋಡು ಕೋಗಿಲೆ. ನನ್ನ ಕೂಸು ಇದನ್ನ ಹಚ್ಚಿದ್ರ ಮಾತ್ರ ಉಣ್ತದ.’ ಒಂದು ಕಿವಿಯಲ್ಲಿ ಆ ಹುಡುಗನ ದನಿ ಓಡುತ್ತಿತ್ತು. ಇನ್ನೊಂದರಲ್ಲಿ ಕಾಕಾ ‘ಮುಳುಗ್ಯಾದೋ’ಗೆ ಇಳಿಯುತ್ತಿದ್ದ.

ಚೇತನಕುಮಾರ ಮಲ್ಲುನ ಹತ್ತಿರ ಓಡಿದ. ‘ಹಾಡ ಹಚ್ಚು! ಹಾಡ ಹಚ್ಚೋ, ಕುರ್ಚಿ ಮುರೀತಾರ!’ ಮಲ್ಲು ಕಾಕಾನ ಕಡೆ ನೋಡಿದ. ಕಾಕಾನ ಕಣ್ಣು ಮುಚ್ಚಿತ್ತು. ಮಲ್ಲು ಒಂದು ಗುಂಡಿಯನ್ನು ಕೆಳಗೆ ಎಳೆದು ಇನ್ನೊಂದನ್ನು ಮೇಲೆ ತಳ್ಳಿದ.

ಕಾಕಾನ ದನಿ ಅಲ್ಲಿಗೇ ನಿಂತಿತು. ಅವನು ಇನ್ನೂ ಹಾಡುತ್ತಿದ್ದುದು ಬಾಯಿ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಬಡಿತ ಶುರುವಾಗಿ ಮಂಟಪ ಎದ್ದು ಕುಣಿಯಿತು. ಹಸಿರು ಬಳೆಯವಳು ನನ್ನ ಕೈ ಹಿಡಿದು ಎಬ್ಬಿಸಿದಳು. ಕಾಕಾ ಕಣ್ಣು ತೆರೆದು ಮೈಕನ್ನು ನೋಡಿದ, ಮಲ್ಲುನನ್ನು ನೋಡಿದ. ಬಾಯಿ ಮುಚ್ಚಿ ನಿಂತ. ಚೇತನಕುಮಾರ ಕೆಳಗಿನಿಂದ ಎರಡೂ ಕೈ ಬೀಸುತ್ತ, ತುಟಿ ಆಡಿಸಿ ತೋರಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಕಾಕಾ ತುಟಿ ಆಡಿಸತೊಡಗಿದ. ಪದ ಓಡುತ್ತಿದ್ದುದರಿಂದ ಅವನ ತುಟಿ ಪ್ರತಿ ಸಾಲಿಗೂ ಹಿಂದೆ ಬೀಳುತ್ತಿತ್ತು. ಕೊನೆಯ ಅಕ್ಷರ ಮಾತ್ರ ಸರಿಯಾಗಿ ಸಿಗುತ್ತಿತ್ತು.

ಮುಗಿದ ಮೇಲೆ ಜನ ಅವನನ್ನು ಹೆಗಲ ಮೇಲೆ ಹೊತ್ತರು.

ಟೆಂಪೋದಲ್ಲಿ ಮಲ್ಲು ಮೊದಲು ಮಾತಾಡಿದ. ‘ಏನ್ ಮಾಡ್ಲಿ ಕಾಕಾ. ಜನ ನಿನ್ನ ಮ್ಯಾಲ ಏನಾರ ಒಗದಿದ್ರ?’

‘ಸೌಂಡ್ ಭಾಳ ಚಲೋ ಇತ್ತಪ್ಪಾ’ ಎಂದ ಕಾಕಾ. ಅಂಗಿ ಮುದುಡಿದ್ದನ್ನು ಅವನು ನೋಡಿಕೊಳ್ಳಲಿಲ್ಲ. ಮರಳಿ ಬರುವಾಗ ಕೂತೇ ಬಂದ.

ಮರುವಾರ ನಾನು ಮಲ್ಲುನ ಅಂಗಡಿಗೆ ಹೋದೆ. ಒಬ್ಬಳೇ ಹೋದದ್ದು ಅದೇ ಮೊದಲು. ಏರಿಸದ, ಓಡಿಸದ ಆ ಮೊದಲಿನ ಹಾಡನ್ನು ನನ್ನ ಮೊಬೈಲಿಗೆ ಹಾಕಿ ಕೊಡು ಎಂದು ಕೇಳಿದೆ. ಅವನು ವೈರು ಸುತ್ತುತ್ತ ನೆಲ ನೋಡಿದ.

‘ಅದು ಇಲ್ಲವ್ವಾ ಸೌಭಾಗಿ. ಅದರ ಮ್ಯಾಲೇ ಕೆಲಸ ಮಾಡಿ ಅದಕ್ಕೇ ಸೇವ್ ಮಾಡಿಬಿಟ್ಟೀನಿ. ಮತ್ತ ಹಾಡಸೂಣಂತ.’

ಮತ್ತೆ ಯಾರೂ ಹಾಡಿಸಲಿಲ್ಲ. ಸುರಪುರದಿಂದ ಕರೆ ಬಂದಿದೆ, ಆಮೇಲೆ ಇನ್ನೆಲ್ಲಿಂದಲೋ. ಎಲ್ಲರಿಗೂ ಕೋಗಿಲೆಯೇ ಬೇಕು. ಕಾಕಾ ಎಲ್ಲಿಂದಲೋ ಹಳೆಯ ಹಾರ್ಮೋನಿಯಂ ಒಂದನ್ನು ತಂದುಕೊಂಡಿದ್ದಾನೆ. ಗಾದಿ ಕೆಲಸ ಬದಿಗಿಟ್ಟು ಬೆಳಿಗ್ಗೆ ಎತ್ತರದ ಪಟ್ಟಿ ಹಿಡಿದು ಕೂರುತ್ತಾನೆ. ತುಟಿ ಆಡಿಸಿ ನಿಲ್ಲುವುದು ಇನ್ನೊಮ್ಮೆ ತನ್ನಿಂದ ಆಗದು, ದನಿಯನ್ನೇ ಏರಿಸಿ ಕಲಿಯುತ್ತೇನೆ ಎಂದು ಆಮೀನಾ ಕಾಕಿಗೆ ಹೇಳಿದನಂತೆ. ‘ಹೊಳಿ ದಾಟಬ್ಯಾಡೋ’ ಎಂದು ಮೇಲೆ ಎತ್ತುತ್ತಾನೆ, ದನಿ ಹರಿದ ಅರಿವೆಯಂತೆ ಬಿಚ್ಚಿಕೊಳ್ಳುತ್ತದೆ, ಕೆಮ್ಮುತ್ತಾನೆ, ಮತ್ತೆ ಎತ್ತುತ್ತಾನೆ. ಆಮೀನಾ ಕಾಕಿ ಈಗ ಹಾಡಿನ ನಡುವೆಯೇ ಯಂತ್ರ ಚಾಲೂ ಮಾಡುತ್ತಾಳೆ. ‘ಹತ್ತಿ ಧೂಳಿಗೆ ಕೆಮ್ಮು ಬರ್ತದ ಅಂತಾನ’ ಎಂದಳು ಒಮ್ಮೆ, ನನ್ನ ಕಡೆ ನೋಡದೆ.

ನಿನ್ನೆ ಅವನು ಗೋಡೆಯ ಆಚೆಯಿಂದ ಕೂಗಿ ಕೇಳಿದ. ಕೂಗಿದ ದನಿಯೂ ಸೀಳಿತ್ತು.

‘ಸೌಭಾಗಿ, ಕೇಳಾಕತ್ತೀಯೇನವ್ವಾ? ಈಗ ಕೋಗಿಲೆ ಹತ್ರ ಬಂದಾದಿಲ್ಲ?’

ನಾನು ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಲ್ಲಿ ಕೂತು ಉಳ್ಳಾಗಡ್ಡಿ ಸಿಪ್ಪೆ ಬಿಡಿಸುತ್ತಿದ್ದ ಮೋನಮ್ಮ ಚಿಗವ್ವ ಕೂಗಿದಳು. ‘ಬಂದಾದ ಬಂದಾದ, ಖಾಜಣ್ಣಾ. ಇನ್ನೊಂಚೂರು ಏರಸು!’

ಅವನು ಏರಿಸಿದ. ನಾನು ಅಂಗೈಯನ್ನು ಹಲಗೆಯ ಮೇಲೆ ಇಟ್ಟು ನೋಡಿದೆ. ಗುಂಡುಸೂಜಿಯ ಡಬ್ಬಿ ಅಲುಗಲಿಲ್ಲ.