ಒಳಗೆ ಕಪ್ಪಿದ್ದ ಚಿಪ್ಪುಗಳು

ನಮ್ಮ ಭಾವ ಬಾಗಿಲು ಹಾಕಿಕೊಂಡು ಕೆಲಸ ಮಾಡಲು ಶುರುಮಾಡಿದ ದಿನವೇ ನನಗೆ ಸಂಶಯ ಬಂತು. ಹದಿನಾಲ್ಕು ವರ್ಷ ಬಾಗಿಲು ತೆರೆದಿಟ್ಟು, ಸಿಳ್ಳೆ ಹಾಕುತ್ತಾ ದುಡಿದ ಮನುಷ್ಯನಿಗೆ ಇದ್ದಕ್ಕಿದ್ದಂತೆ ಮರೆ ಯಾಕೆ ಬೇಕಾಯಿತು? ಕೇಳಿದ್ದಕ್ಕೆ, "ಧೂಳು ಬರತ್ತೆ ಕಣೇ, ಭೂತಗನ್ನಡಿ" ಅಂದರು. ಅದು ಅವರು ನನಗಿಟ್ಟ ಹೆಸರು. ಧೂಳು ಹದಿನಾಲ್ಕು ವರ್ಷದಿಂದಲೂ ಇತ್ತಲ್ಲ!

ಅಕ್ಕನ ಗಂಡ ಮತ್ತು ನಾನು ಒಂದೇ ಪ್ರಯೋಗಾಲಯದವರು. ಅವರದು ಕೆಳಗಿನ ಮಹಡಿ, ನನ್ನದು ಮೇಲಿನದು. ಅಲಸಂದೆ ಗಿಡಕ್ಕೆ ಒಂದು ವೈರಸ್ ತಗಲುತ್ತದೆ. ಭಾವ ಅಂಥ ಎಲೆಗಳನ್ನು ಅರೆದು ವೈರಸ್ ಬೇರ್ಪಡಿಸಿ, ಅದರ ತಿರುಳನ್ನು ತೆಗೆದುಹಾಕಿ, ಹೊರಗಿನ ಪ್ರೋಟೀನಿನ ಚಿಪ್ಪನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಆಮೇಲೆ ಆ ಚಿಪ್ಪಿನೊಳಗೆ ಔಷಧ ತುಂಬಿ ಮುಚ್ಚುತ್ತಾರೆ. ರೋಗ ಹೊತ್ತು ತಿರುಗುತ್ತಿದ್ದ ಗಾಡಿಯಲ್ಲೇ ಮದ್ದು ಕಳಿಸುವ ಉಪಾಯ ಅದು. ತುಂಬಿದ್ದೂ ಖಾಲಿಯೂ ಬರಿಗಣ್ಣಿಗೆ ಒಂದೇ, ನೀರಿನ ಹಾಗೆ. ಯಾವುದು ಯಾವುದೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವಳು ನಾನು.

ನೋಡುವ ರೀತಿ ಸುಲಭ. ಹನಿಗೆ ಒಂದು ಬಣ್ಣ ಹಾಕುತ್ತೇವೆ. ಚಿಪ್ಪು ಖಾಲಿಯಿದ್ದರೆ ಬಣ್ಣ ಒಳಗೆ ಇಳಿದು ನಡುವೆ ಕಪ್ಪಾಗಿ ಕಾಣುತ್ತದೆ. ತುಂಬಿದ್ದರೆ ಬಣ್ಣಕ್ಕೆ ಜಾಗವಿಲ್ಲ, ಬೆಳ್ಳಗೆ ಕಾಣುತ್ತದೆ. ಕಪ್ಪಾದರೆ ಖಾಲಿ, ಬಿಳಿಯಾದರೆ ಭರ್ತಿ. ಇಪ್ಪತ್ತು ವರ್ಷ ಇದನ್ನೇ ನೋಡಿ ನೋಡಿ ಕನಸಿನಲ್ಲಿ ಕೇಳಿದರೂ ಹೇಳುತ್ತೇನೆ.

ಹೋದ ತಿಂಗಳು ಹೊಸ ಯಂತ್ರ ಬಂತು. ಇದಕ್ಕೆ ಬಣ್ಣ ಬೇಡ, ಹನಿಯನ್ನು ಹಾಗೇ ಹೆಪ್ಪುಗಟ್ಟಿಸಿ ನೋಡುವುದು. ಕಲಿಸಲು ಬಂದ ಹೆಂಗಸು ಮೂರು ದಿನ ಇದ್ದಳು. ನನ್ನ ಕುರ್ಚಿಯ ಮೇಲೆ ಅವಳಿಗೆ ಕಣ್ಣಿದೆಯೋ ಏನೋ ಎಂಬ ಗುಮಾನಿಯಲ್ಲೇ ನನಗೆ ಆ ಮೂರು ದಿನ ಕಳೆಯಿತು. ಎರಡನೇ ದಿನ ಏನೋ ವಿವರಿಸಲು ಬಂದಾಗ ಹೇಳಿಯೇಬಿಟ್ಟೆ: "ಚಿಪ್ಪು ನೋಡೋದು ನಂಗೆ ಗೊತ್ತು. ಗುಂಡಿ ಒತ್ತೋದಷ್ಟೇ ಹೇಳ್ಕೊಡಿ."

ಆ ಯಂತ್ರದಲ್ಲಿ ಮೊದಲು ನೋಡಿದ್ದು ಭಾವನ ಸರಕನ್ನು. ಪರದೆಯ ತುಂಬಾ ಚಿಪ್ಪುಗಳು, ಒಂದೂ ಬಿಡದೆ ಎಲ್ಲದರ ನಡುವೆಯೂ ಕಪ್ಪು. ಗಾಬರಿಯಾಯಿತು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಒಂದು ಖುಷಿಯೂ ಆಯಿತು. ನಾನು ಅಂದುಕೊಂಡದ್ದು ಸರಿಯಾಯಿತಲ್ಲ! ಎರಡು ದಿನ ಮೊದಲಷ್ಟೇ ನೀಲಿ ಕಾರಿನವನೊಬ್ಬ ಗೇಟಿನ ಹತ್ತಿರ ಭಾವನ ಕೈಗೆ ಡಬ್ಬಿಯೊಂದನ್ನು ಕೊಟ್ಟದ್ದನ್ನು ಕಿಟಕಿಯಿಂದ ನೋಡಿದ್ದೆ. ತುಂಬಿದ ಚಿಪ್ಪುಗಳನ್ನು ಅವನಿಗೆ ದಾಟಿಸಿ, ಅವನು ಡಬ್ಬಿಯಲ್ಲಿ ತಂದ ಖಾಲಿ ಚಿಪ್ಪುಗಳನ್ನು ನಮಗೆ ಕೊಡುತ್ತಿದ್ದಾರೆ ಅಂತ ನನ್ನ ತಲೆ ತೀರ್ಮಾನಿಸಿಬಿಟ್ಟಿತು.

ಅಕ್ಕನಿಗೆ ಹೇಳಿದೆ. ಅವಳು ಒಗೆದ ಬಟ್ಟೆ ಹಿಂಡುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಮೊದ್ಲು ಅವ್ರನ್ನೇ ಕೇಳು."

"ಕೇಳಿದ್ರೆ ಹುಷಾರಾಗ್ಬಿಡ್ತಾರೆ ಕಣಕ್ಕಾ."

"ಅವ್ರಿಗೆ ಐವತ್ತಾರು ವರ್ಷ. ಆ ಕೆಲ್ಸ ಹೋದ್ರೆ ಇನ್ಯಾರು ಕರೀತಾರೆ? ಅದು ಬಿಟ್ರೆ ಅವ್ರಿಗೆ ಬೇರೇನೂ ಗೊತ್ತಿಲ್ಲ. ಯೋಚ್ನೆ ಮಾಡಿ ಬರಿ."

ನಾನು ಯೋಚಿಸಲಿಲ್ಲ, ಬರೆದೆ. "ಎಲ್ಲವೂ ಖಾಲಿ. ಸರಕು ಬದಲಾಗಿರುವ ಸಂಶಯವಿದೆ" ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂಗೆ ವರದಿ ಕೊಟ್ಟೆ.

ಮೂರನೇ ದಿನ ಕೆಳಗೆ ಹೋದರೆ ಭಾವನ ಕೋಣೆಯ ಬಾಗಿಲು ಹಾರುಹೊಡೆದಿತ್ತು, ಒಳಗೆ ಯಾರೂ ಇರಲಿಲ್ಲ. ಅಂಗಿಯ ಮೇಲೆ ಹಾಕುವ ಬಿಳಿ ಕೋಟು ಮಾತ್ರ ಮೊಳೆಗೆ ನೇತಾಡುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂದುಕೊಂಡೆ.

ವಿಚಾರಣೆ ನಡೆದರೆ ಇನ್ನೊಂದು ಸಾಕ್ಷಿ ಇರಲಿ ಎಂದು, ಉಳಿದಿದ್ದ ಹನಿಗೆ ಬಣ್ಣ ಹಾಕಿ ಹಳೆಯ ಯಂತ್ರದಲ್ಲೂ ನೋಡಿದೆ. ಎಲ್ಲ ಬಿಳಿ! ಹಾಲಿನಂಥ ಬಿಳಿ. ಹನಿ ಇಟ್ಟಿದ್ದ ನನ್ನ ಫ್ರಿಜ್ಜಿಗೂ ಯಾರೋ ಕೈ ಹಾಕಿದ್ದಾರೆ ಎಂದು ಮೈ ಉರಿಯಿತು. ಆದರೆ ಅದರ ಬೀಗದಕೈ ನನ್ನ ಕೊರಳಲ್ಲೇ ಇತ್ತು.

ಕೊನೆಗೆ, ಖಾಲಿಯೆಂದು ನಮಗೆಲ್ಲ ಗೊತ್ತಿರುವ ಚಿಪ್ಪುಗಳನ್ನು ಹೊಸ ಯಂತ್ರಕ್ಕೆ ಹಾಕಿದೆ. ಅವು ಬರೀ ಉಂಗುರಗಳಾಗಿ ಕಂಡವು, ನಡುವೆ ತಿಳಿಯಾಗಿ. ಬಣ್ಣವೇ ಹಾಕದಿದ್ದಾಗ ಕಪ್ಪಾಗಿ ಕಾಣುವುದು ಒಳಗೆ ತುಂಬಿರುವ ಔಷಧವೇ. ಆ ಹೆಂಗಸು ಎರಡನೇ ದಿನ ಹೇಳಲು ಬಂದಿದ್ದು ಇದನ್ನೇ. ನಿಂತಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ.

ಮೇಡಂ ಎಲ್ಲ ಕೇಳಿಸಿಕೊಂಡು ಡ್ರಾಯರಿನಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ಭಾವನ ಗುಂಡು ಅಕ್ಷರ. "ನಾನು ಕಳ್ಳತನ ಮಾಡಿಲ್ಲ. ಆದರೆ ನನ್ನ ನಾದಿನಿ ನೋಡಿ ಖಾಲಿ ಎಂದಿದ್ದಾಳೆ, ಅವಳ ಕಣ್ಣು ತಪ್ಪುವುದಿಲ್ಲ. ತುಂಬುವಾಗ ನಾನೇ ಎಲ್ಲೋ ಎಡವಿದ್ದೇನೆ. ವಯಸ್ಸಾಯಿತು, ಕೈ ಮೊದಲಿನಂತೆ ಇಲ್ಲದಿರಬಹುದು. ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿ."

"ನೀಲಿ ಕಾರಿನವ್ರು ಹೊಸ ಫಿಲ್ಟರ್ ತಂದ್ಕೊಟ್ಟೋರು. ಧೂಳು ಬರ್ಬಾರ್ದು ಅಂತ ಬಾಗಿಲು ಹಾಕ್ಕೊಳ್ಳಿ ಅಂದಿದ್ದೂ ನಾನೇ" ಅಂದರು ಮೇಡಂ. "ಈ ಕಾಗದ ಇನ್ನೂ ಮೇಲಕ್ಕೆ ಕಳಿಸಿಲ್ಲ. ಹೋಗಿ ಕರ್ಕೊಂಡು ಬಾ."

ಅಕ್ಕ ಬಾಗಿಲು ತೆಗೆದಳು, ಒಳಗೆ ಬಾ ಅನ್ನಲಿಲ್ಲ. ನಾನೇ ಹೋದೆ. ಭಾವ ಊಟದ ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು ಕೂತಿದ್ದರು. ಕಿವಿಗೆ ಔಷಧ ಹಾಕುವ ಪುಟ್ಟ ನಳಿಕೆಯಿಂದ ಸಣ್ಣ ಬಾಟಲಿಗೆ ಒಂದೊಂದೇ ಹನಿ ನೀರು ಬಿಡುತ್ತಿದ್ದರು. ಕೈ ನಡುಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದಾರೆ ಅಂತ ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ.

"ಭಾವ, ತಪ್ಪು ನಂದು. ಎಲ್ಲಾ ತುಂಬಿತ್ತು. ನಾನೇ ಉಲ್ಟಾ ನೋಡ್ದೆ."

ಅವರು ನಳಿಕೆ ಕೆಳಗಿಟ್ಟರು.

"ಮೇಡಂ ನೋಡಿದ್ರಾ?"

"ಇಲ್ಲ. ನಾನೇ ನೋಡ್ದೆ, ಎರಡೂ ಯಂತ್ರದಲ್ಲಿ."

ಭಾವ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದೇ ಇಲ್ಲ.

"ಮೇಡಂ ಒಂದ್ಸಲ ನೋಡ್ಲಿ. ಆಮೇಲೆ ಬರ್ತೀನಿ" ಅಂದು ಮತ್ತೆ ನಳಿಕೆ ಎತ್ತಿಕೊಂಡರು.