ಕಷಾಯದಲ್ಲಿ ಕರಗಿದ ಮಾತ್ರೆ

ಬೆಳಗಿನಿಂದ ಗುರುಸಾಮಿಗೆ ಮೂತ್ರ ಬಂದಿರಲಿಲ್ಲ. ದ್ರಾಕ್ಷಿ ತೋಟದ ಮರೆಗೆ ಹೋಗಿ ನಿಲ್ಲುವುದು, ಬೆವರು ಒರೆಸಿಕೊಳ್ಳುತ್ತ ಹಾಗೇ ಮರಳುವುದು.

"ಸೂಡು ಏರ್ಯದೆ ನಿಮಗೆ," ಎಂದಳು ಹೆಂಡತಿ ದೈವಾನೈ. ತಮಿಳುನಾಡಿನ ಕಂಬಂ ಕಡೆಯ ಆ ಕನ್ನಡಿಗರ ಊರಿನಲ್ಲಿ ನೀರು ಕಟ್ಟಿತೆಂದರೆ ಮೈಗೆ ಉಷ್ಣ ಏರಿದೆ ಎಂದೇ ಅರ್ಥ. ಅದು ಇಳಿಯಲೆಂದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಅವನ ಕಾಲಿನ ಹೆಬ್ಬೆರಳಿಗೆ ಹಚ್ಚಿದಳು. ಎಳನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಬಾರ್ಲಿ ಗಂಜಿ ಕೊಟ್ಟಳು.

"ಹೊಟ್ಟೆ ಒಡೀತದೆ, ಸಾಕು ದೈವಾನೈ."

"ಕುಡೀದೆ ಹೆಂಗೆ ಬರ್ತದೆ? ಮಕ್ಕಳಿಗಿಂತ ಹಟ ನಿಮ್ದು!"

ಅವಳ ಮಾತಿಗೆಂದು ಅವನು ಕುಡಿದ. ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲಾಗಿತ್ತು. ಯಾವ ನೋವಿಗೂ ಬಾಯಿ ಬಿಡದವನು ನರಳತೊಡಗಿದ.

ಪಕ್ಕದ ಮನೆಯ ಅಳಗರ್ ಇಬ್ಬರನ್ನೂ ತನ್ನ ಆಟೋದಲ್ಲಿ ತೇನಿ ಪಟ್ಟಣಕ್ಕೆ ಕರೆದೊಯ್ದ. "ಮಾವಾ, ಮುಂದೆ ಹಳ್ಳ ಅದೆ, ಹಿಡ್ಕಳಿ," ಎಂದು ದಾರಿಯುದ್ದಕ್ಕೂ ಎಚ್ಚರಿಸುತ್ತ, ಹೂವಿನ ಬುಟ್ಟಿ ಹೊತ್ತವನಂತೆ ಓಡಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂತ್ರ ಇಳಿಯಲು ನಳಿಕೆ ಹಾಕಿ ಚೀಲ ಜೋಡಿಸಿದಳು. ಚೀಲ ತುಂಬುತ್ತ ಹೋದಂತೆ ಗುರುಸಾಮಿಯ ಮುಖ ಸಡಿಲವಾಯಿತು.

"ಒಳಗೆ ನೀರಿಗೇನೂ ಕೊರತೆಯಿಲ್ಲ ಅಮ್ಮಾ, ಹೊರಗೆ ಬರುವ ದಾರಿ ಮುಚ್ಚಿದೆ. ಕುಡಿಸಿದಷ್ಟೂ ನೋವೇ," ಎಂದಳು ಡಾಕ್ಟರಮ್ಮ ತಮಿಳಿನಲ್ಲಿ. "ವಯಸ್ಸಿಗೆ ಮೂತ್ರದ ದಾರಿಯ ಸುತ್ತಲಿನ ಗ್ರಂಥಿ ಊದಿಕೊಂಡಿದೆ. ಆದರೆ ಹೀಗೆ ಒಮ್ಮೆಲೇ ಕಟ್ಟಬೇಕಾದರೆ... ಹೊಸದಾಗಿ ಏನಾದರೂ ಮಾತ್ರೆ ತೆಗೆದುಕೊಂಡಿರಾ?"

"ನಾನಾ? ಮಾತ್ರೆ ಮುಟ್ಟಿದವನಲ್ಲ," ಎಂದ ಗುರುಸಾಮಿ. "ನೆಗಡಿ ಬಂದಿತ್ತು. ಇವಳ ಕಷಾಯಕ್ಕೇ ಓಡಿಹೋಯ್ತು!"

ಅವನು ಹೆಮ್ಮೆಯಿಂದ ಹೆಂಡತಿಯತ್ತ ನೋಡಿದ. ದೈವಾನೈ ತುಂಬಿದ ಚೀಲದತ್ತ ನೋಡಿದಳು.

"ಹಾಗಾದರೆ ವಯಸ್ಸೇ ಇರಬೇಕು," ಎಂದು ಡಾಕ್ಟರಮ್ಮ ಹೊರಟಳು.

ದೈವಾನೈ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇನ್ನೊಮ್ಮೆ ನೆಗಡಿಯಾದಾಗ ಇವನು ಅದೇ ಕಷಾಯ ಕೇಳುತ್ತಾನೆ. ಕೊಟ್ಟದ್ದನ್ನು ನಂಬಿ ಕುಡಿಯುತ್ತಾನೆ.

"ಡಾಕ್ಟರಮ್ಮಾ, ಕಷಾಯದಲ್ಲಿ ನೆಗಡಿ ಮಾತ್ರೆ ಅರೆದು ಹಾಕಿದ್ದೆ. ನಿನ್ನೆಯೂ ಹಾಕಿದೆ, ಇವತ್ತು ಬೆಳಿಗ್ಗೆಯೂ ಹಾಕಿದೆ. ಅವರಿಗೆ ಗೊತ್ತಿಲ್ಲ."

ಡಾಕ್ಟರಮ್ಮ ಗದರಲಿಲ್ಲ, ಅವಳ ತೋಳು ಮುಟ್ಟಿದಳು. "ಹೇಳಿದ್ದು ಒಳ್ಳೆಯದಾಯಿತು. ಕೆಲವು ನೆಗಡಿ ಮಾತ್ರೆಗಳಿಂದ ಹೀಗಾಗುತ್ತದೆ. ಇನ್ನು ಕೊಡಬೇಡಿ."

ಡಾಕ್ಟರಮ್ಮ ಹೋದ ಮೇಲೆ ಗುರುಸಾಮಿ ಗೋಡೆ ನೋಡುತ್ತ ಮಲಗಿದ್ದ. ಹಾಗೇ ಅಂದ:

"ಕಷಾಯ ಕಹಿ ಅದೆ ಅಂದೆ ನಾನು. ನನ್ನ ನಾಲಿಗೆ ಕೆಟ್ಟದೆ ಅಂತ ಬೈದೆ ನೀನು."

"ಬೈದೆ."

ಅವನು ಕಾಲು ಸರಿಸಿ ಮಂಚದ ಅಂಚಿನಲ್ಲಿ ಜಾಗ ಬಿಟ್ಟ. ದೈವಾನೈ ಕುಳಿತಳು. ಅವನ ಮುಖ ನೋಡಲು ಮಾತ್ರ ಅವಳಿಂದಾಗಲಿಲ್ಲ.